ಹಿಂಡಬಾರದ ಗಂಟು

ಇಸ್ತ್ರಿ ಅಕ್ಕನಿಗೆ ಸಿಟ್ಟು ಬಂದರೆ ಇಸ್ತ್ರಿಪೆಟ್ಟಿಗೆಗಿಂತ ಮೊದಲು ಅವಳ ಕಿವಿ ಕಾಯುತ್ತದೆ ಎಂದು ಲಾಂಡ್ರಿಯಲ್ಲಿ ಎಲ್ಲರೂ ನಗುತ್ತಿದ್ದರು. ನಗಲಿ ಬಿಡಿ. ಆ ಹಿಂದಿನ ಕೋಣೆಯಲ್ಲಿ ಒಂದು ಬೇಸಿಗೆ ಕಳೆದಿದ್ದರೆ ಯಾರ ಕಿವಿಯಾದರೂ ಕಾಯುತ್ತಿತ್ತು. ಬಿಳಿ ಬಟ್ಟೆಯ ಮೇಲೆ ಧೂಳು ಕೂರುತ್ತದೆಂದು ಕಿಟಕಿಗೆ ಮೊಳೆ ಹೊಡೆದಿದ್ದರು. ಹಬೆಯನ್ನು ಹೊರಗೆ ತಳ್ಳಬೇಕಾದ ಗೋಡೆ ಫ್ಯಾನು ಬೇಸಿಗೆ ಶುರುವಾಗುವ ಹೊತ್ತಿಗೇ ಕೆಟ್ಟು ಕೂತಿತ್ತು. ಮುಂದಿನ ಕೋಣೆಯಲ್ಲಿ ಮಾತ್ರ ಗಿರಾಕಿಗಳಿಗೆ ಮೆತ್ತನೆಯ ಕುರ್ಚಿ, ಮಾಲೀಕನ ತಲೆಯ ಮೇಲೆ ಗರಗರ ತಿರುಗುವ ಫ್ಯಾನು.

ಹಿಂದೆ ಬೇಯುತ್ತಿದ್ದವರು ನಾಲ್ವರು. ಇಸ್ತ್ರಿ ಅಕ್ಕ, ಕಲೆ ತೆಗೆಯುವ ಹೆಂಗಸು, ಬಟ್ಟೆ ಮಡಿಸುವವನು, ಮತ್ತೆ ಎಲ್ಲರೂ ಮಾವ ಎಂದು ಕರೆಯುವ, ಒಗೆಯುವ ಮುದುಕ. ಇವರಿಗೋಸ್ಕರ ಅಕ್ಕ ಮನೆಯಿಂದ ದಿನಾ ದೊಡ್ಡ ಜಾಡಿ ತುಂಬ ಐಸ್ ಟೀ ತರುತ್ತಿದ್ದಳು.

ಕುದಿಸುವ ಮಾತೇ ಇಲ್ಲ. ದಿನವಿಡೀ ಹಬೆ ಕುಡಿದವಳಿಗೆ ಮನೆಯಲ್ಲೂ ಒಲೆಯ ಮುಂದೆ ನಿಲ್ಲುವ ಹಣೆಬರಹವೇ? ಸಂಜೆ ಬಂದವಳೇ ಒಳ್ಳೆಯ ಟೀ ಎಲೆಯನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ತಣ್ಣೀರಿನ ಜಾಡಿಗೆ ಇಳಿಬಿಟ್ಟು ಫ್ರಿಜ್ಜಿಗೆ ಸೇರಿಸುವಳು. ಬೆಳಿಗ್ಗೆ ಗಂಟನ್ನು ಎತ್ತಿ, ಅದರಷ್ಟಕ್ಕೆ ತೊಟ್ಟಿಕ್ಕಲು ಬಿಟ್ಟು, ಆಮೇಲೆ ಸಕ್ಕರೆ ಪಾಕ, ನಿಂಬೆ ಬಿಲ್ಲೆ. ಐಸನ್ನೂ ಟೀಯಿಂದಲೇ ಕಟ್ಟುವಳು. ಕರಗಿದರೂ ರುಚಿ ನೀರಾಗಬಾರದಲ್ಲ! ಒಂದೇ ಕಟ್ಟಪ್ಪಣೆ, ಗಂಟನ್ನು ಹಿಂಡಬಾರದು. ಹಿಂಡಿದರೆ ಒಗರೆಲ್ಲ ಇಳಿದು ಕುಡಿಯಲಾಗದಷ್ಟು ಕಹಿ. ಲಾಂಡ್ರಿಯವರಿಗೆ ಇದೇ ಕಷ್ಟ, ಒದ್ದೆ ಬಟ್ಟೆ ಸಿಕ್ಕಿದರೆ ಕೈ ತಾನಾಗಿ ತಿರುಚುತ್ತದೆ. ಬೇರೊಂದು ಲಾಂಡ್ರಿಯಲ್ಲಿ ಒಗೆಯುತ್ತಿದ್ದ ಅವಳ ಗಂಡ ಹಾಗೆ ತಿರುಚಿ ಎಷ್ಟೋ ಸಲ ಬೈಸಿಕೊಂಡಿದ್ದ. "ಅದು ಗಿರಾಕಿ ಪ್ಯಾಂಟಲ್ಲ ರೀ, ಕೈ ತೆಗೀರಿ!"

ಜಾಡಿ ಬಂತೆಂದರೆ ಮಾಲೀಕನೂ ಲೋಟ ಹಿಡಿದು ಹಾಜರು. ಫ್ಯಾನ್ ರಿಪೇರಿಯ ಮಾತನ್ನು ಮಾತ್ರ ಅವನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. "ನಿಮಗೇನಮ್ಮ, ತಣ್ಣಗೆ ಟೀ ಇದೆಯಲ್ಲ!" ಎಂದು ಗಟಗಟ ಕುಡಿದು ಹೊರಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಮಾವ ಮಷಿನ್ನಿನಿಂದ ಒದ್ದೆ ಚಾದರ ಎಳೆಯುತ್ತ ಎಳೆಯುತ್ತಲೇ ದೊಪ್ಪನೆ ಕುಸಿದ. ಮುಖಕ್ಕೆ ನೀರು ಚಿಮುಕಿಸಿ, ಕಾಲು ಉಜ್ಜಿ, ಹೇಗೋ ಎಚ್ಚರ ಬರಿಸಿದರು. ಮಾಲೀಕ ಬಾಗಿಲಲ್ಲೇ ನಿಂತು ಇಣುಕಿದ.

"ಒಂದು ಲೋಟ ಟೀ ಕೊಡಮ್ಮ, ಸರಿಹೋಗ್ತಾರೆ."

"ಸಾರ್, ಫ್ಯಾನು! ಮನುಷ್ಯ ಸಾಯ್ತಿದ್ರು ಈಗ!"

"ನೋಡೋಣ ಬಿಡಮ್ಮ. ನಿಮಗೇನು, ತಣ್ಣಗೆ ಟೀ ಇದೆಯಲ್ಲ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮಾವ ಸತ್ತಿದ್ದರೂ ಈ ಪುಣ್ಯಾತ್ಮ ಇದನ್ನೇ ಹೇಳುತ್ತಿದ್ದನೇನೋ.

ಮರುದಿನ ಬೆಳಿಗ್ಗೆಯೂ ಆ ಸಿಟ್ಟು ಇಳಿದಿರಲಿಲ್ಲ. ಜಾಡಿಯಿಂದ ಗಂಟು ಎತ್ತಿದಳು, ಎರಡೂ ಕೈಯಲ್ಲಿ ಹಿಡಿದು ತಿರುಚಿದಳು, ಇನ್ನೂ ತಿರುಚಿದಳು.

"ಅಯ್ಯಯ್ಯೋ, ನೀನೇ ಹಿಂಡ್ತಿದ್ದೀಯಲ್ಲೇ!" ಎಂದ ಗಂಡ.

ಜಾಡಿಯಲ್ಲಿ ಟೀ ಕಪ್ಪಗಾಗಿತ್ತು. "ಹಾಳಾಗಲಿ!" ಎಂದಳು ಅವಳು. "ಫ್ಯಾನ್ ಯಾಕೆ ರಿಪೇರಿ ಆಗ್ತಿಲ್ಲ ಗೊತ್ತಾ? ಈ ದರಿದ್ರ ಟೀಯಿಂದ! ಅವನಿಗೆ ನೆಪ ಬೇಕಿತ್ತು, ನಾನೇ ದಿನಾ ಜಾಡಿ ತುಂಬ ಹೊತ್ಕೊಂಡು ಹೋಗಿ ಕೊಟ್ಟೆ." ಅಷ್ಟನ್ನೂ ಮೋರಿಗೆ ಸುರಿದಳು. ಮಾಲೀಕನ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ಸಿಟ್ಟನ್ನೇ ಅವಳಿಗೆ ತಡೆಯಲಾಗಲಿಲ್ಲ.

ಟೀ ಹೊತ್ತಿಗೆ ಜಾಡಿ ಕಾಣದೆ ಕಲೆ ತೆಗೆಯುವವಳ ಮುಖ ಬಾಡಿತು. "ಇವತ್ತಿಲ್ಲ. ಎಲ್ಲರೂ ಬನ್ನಿ ನನ್ನ ಜೊತೆ," ಎಂದು ಅಕ್ಕ ಮಾವನ ಕೈ ಹಿಡಿದು ಮುಂದಿನ ಕೋಣೆಗೆ ನಡೆದಳು. ಬೆವರಲ್ಲಿ ತೊಯ್ದು ತೊಪ್ಪೆಯಾದ ನಾಲ್ವರೂ ಗಿರಾಕಿಗಳ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ ಕೂತರು. ಕೋಟು ತೆಗೆದುಕೊಂಡು ಹೋಗಲು ಬಂದಿದ್ದ ಗಿರಾಕಿಯೊಬ್ಬರು ಬೆಚ್ಚಿ ಪಕ್ಕಕ್ಕೆ ಸರಿದರು.

"ಏನಿದು ಅವಾಂತರ?" ಮಾಲೀಕ ಎದ್ದು ನಿಂತ.

"ಟೀ ಇಲ್ಲ ಸಾರ್. ಅದಕ್ಕೇ ಗಾಳಿ ಕುಡಿಯೋಣ ಅಂತ ಬಂದ್ವಿ. ನಾಳೆನೂ ಬರ್ತೀವಿ."

"ಕೆಲಸ ಬೇಕೋ ಬೇಡ್ವೋ ನಿಮಗೆ?"

ಗಂಡನೊಬ್ಬನ ದುಡಿಮೆಯಲ್ಲಿ ಮನೆ ನಡೆಯುವುದಿಲ್ಲ. ಆದರೂ ಅಕ್ಕ ಕುರ್ಚಿಯಿಂದ ಏಳಲಿಲ್ಲ. "ಬೇಕು ಸಾರ್. ಕೆಲಸ ಮಾಡೋಕೆ ಉಸಿರೂ ಬೇಕಲ್ಲ. ನಿನ್ನೆ ಮಾವ ಬಿದ್ದಿದ್ದು ನೀವೇ ನೋಡಿದ್ರಿ."

"ಯಾಕ್ರೀ, ಒಳಗೆ ಫ್ಯಾನ್ ಇಲ್ವಾ?" ಎಂದರು ಕೋಟಿನವರು. ಮಾಲೀಕನ ಮುಖ ಹುಳ್ಳಗಾಯಿತು. ಏನೋ ಗೊಣಗಿಕೊಂಡು ಫೋನ್ ಕೈಗೆತ್ತಿಕೊಂಡ.

ಮೆಕ್ಯಾನಿಕ್ ಬಂದು ಹೋದ ಮಾರನೆಯ ದಿನ ಗೋಡೆ ಫ್ಯಾನು ಹಬೆಯನ್ನೆಲ್ಲ ಹೊರಗೆ ಎಳೆಯುತ್ತಿತ್ತು. ಅಕ್ಕ ಹಿಂಡದ ಟೀ ತಂದಿದ್ದಳು, ಜೇನಿನ ಬಣ್ಣದ್ದು. ಮೊದಲ ಲೋಟ ಮಾವನಿಗೆ. ಆಮೇಲೆ ಉಳಿದಿಬ್ಬರಿಗೆ, ಕೊನೆಗೆ ತನಗೆ. ಅಷ್ಟರಲ್ಲಿ ಏನೂ ಆಗದವನ ಹಾಗೆ ಮಾಲೀಕ ಲೋಟ ಹಿಡಿದು ಬಂದ.

"ನನ್ನ ಪಾಲೆಲ್ಲಮ್ಮ?"

ಜಾಡಿಯಲ್ಲಿ ಇನ್ನೂ ಅರ್ಧ ಇತ್ತು. ಅಕ್ಕ ಮುಚ್ಚಳ ಹಾಕಿ ಗಟ್ಟಿಯಾಗಿ ತಿರುಗಿಸಿದಳು.

"ನಿಮಗೇನು ಸಾರ್," ಎಂದಳು, "ತಣ್ಣಗೆ ಫ್ಯಾನ್ ಇದೆಯಲ್ಲ."