ತುಳಸಿಯ ನೆಂಟ

ಹೊಸ ಗಿಡ ಪತ್ತೆಯಾಯಿತು ಅಂದರೆ ಜನ ಕಾಡು, ಕಣಿವೆ, ಸಾಹಸ ಅಂತೆಲ್ಲ ಊಹಿಸಿಕೊಳ್ಳುತ್ತಾರೆ. ನನ್ನದು ಅರೆಕೆರೆಯ ಬಾಡಿಗೆ ಮನೆಯ ಟೆರೇಸಿನಲ್ಲಿ, ಹಳೇ ಪೇಂಟ್ ಡಬ್ಬದಲ್ಲಿ ಹೂ ಬಿಟ್ಟಿತು.

ಮೂರು ವರ್ಷದ ಹಿಂದೆ ಊರಾಚೆಯ ಬಂಡೆಗುಡ್ಡದಲ್ಲಿ ಸಾಲ್ವಿಯಾ ಗುಂಪಿನ ಆ ಗಿಡ ಸಿಕ್ಕಾಗ ಹೂವೆಲ್ಲ ಉದುರಿ ಬರೀ ಬೀಜ ಉಳಿದಿತ್ತು. ಎಲೆ ಗೊತ್ತಿರುವ ಯಾವ ಜಾತಿಗೂ ಹೊಂದಲಿಲ್ಲ. ಆದರೆ ಸಾಲ್ವಿಯಾಗಳಲ್ಲಿ ತೀರ್ಮಾನ ಹೇಳುವುದು ಹೂವಿನೊಳಗಿನ ಕೇಸರ. ಜೇನ್ನೊಣ ತಲೆ ಹಾಕಿದರೆ ಅದು ಏತದ ಹಾಗೆ ಬಾಗಿ ಬೆನ್ನಿಗೆ ಪರಾಗ ಬಳಿಯುತ್ತದೆ. ತಾಜಾ ಹೂ ನೋಡದೆ ಹೊಸದು ಎನ್ನುವಂತಿಲ್ಲ. ಮರುವರ್ಷ ಹೋದರೆ ಕಲ್ಲಿಗಾಗಿ ಗುಡ್ಡವನ್ನೇ ಕೊರೆದಿದ್ದರು. ಉಳಿದದ್ದು ನನ್ನ ಲಕೋಟೆಯ ಬೀಜ ಮಾತ್ರ. ಎರಡು ಸಲ ಬಿತ್ತಿದ್ದು ಕೊಳೆತು, ಮೂರನೇ ಸಲ ಒಂದೇ ಒಂದು ಸಸಿ ಬದುಕಿತು.

ಓನರ್ ಆಂಟಿ ಹಳೇ ಒಕ್ಕಲು ಮನೆಯವರು. ಈ ಮನೆ ನಿಂತ ಜಾಗದಲ್ಲೇ ರಾಗಿ ಹೊಲದ ಕಳೆ ಕಿತ್ತವರು; ಕಳೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ನಾನು ಮಹಾ ಜಾಣೆಯ ಹಾಗೆ, "ಇದನ್ನ ಕೀಳ್ಬೇಡಿ ಆಂಟಿ, ತುಳಸಿ ನೆಂಟ್ರು," ಎಂದಿದ್ದೆ. ಸುಳ್ಳೇನಲ್ಲ, ಎರಡೂ ಒಂದೇ ಕುಟುಂಬ.

ಹೂ ಅರಳಿದ ಬೆಳಗ್ಗೆ ನಾನು ಲೆನ್ಸ್ ತಂದು ನೋಡುವಷ್ಟರಲ್ಲಿ ಹೂತೆನೆಯೇ ಇರಲಿಲ್ಲ. ಕೆಳಗೆ ಓಡಿದೆ. ಅದು ಕುಂಕುಮ, ಅಕ್ಷತೆ ಹೊತ್ತು ದೇವರ ಮುಂದೆ ಕೂತಿತ್ತು.

"ತುಳಸಿ ನೆಂಟ್ರು ಅಂದ್ಯಲ್ಲಮ್ಮ, ದೇವ್ರಿಗೆ ಇಟ್ಟೆ. ಪೂಜೆ ಮಧ್ಯ ಎತ್ತಬಾರ್ದು, ನಾಳೆ ಬೆಳಗ್ಗೆ ತಗೋ."

ನಾಳೆಗೆ ಅದು ಬಾಡಿ ಮುದುಡಿರುತ್ತದೆ. ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನನ್ನ ಜಾಣತನದ ಮೇಲೆ. "ನಂಗೆ ಅದು ಬಿಟ್ರೆ ಬೇರೇನೂ ಇಲ್ಲ ಆಂಟಿ," ಅಂದುಬಿಟ್ಟೆ. ಬಾಯಿಂದ ಬಂದ ಮೇಲೇ ಅದು ನಿಜವೆಂದು ನನಗೂ ತಿಳಿದದ್ದು.

ಆಂಟಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಉಳಿದ ಮಂತ್ರವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಅವಸರದಲ್ಲಿ ಮಂಗಳಾರತಿ ಎತ್ತಿ, "ಬಲಗೈ ಹಿಡಿ," ಎಂದು ತೆನೆಯನ್ನು ಪ್ರಸಾದವಾಗಿ ಕೊಟ್ಟರು.

ಕುಂಕುಮ ಸೋಕದ ಹೂ ಒಂದೇ ಉಳಿದಿತ್ತು. ಬಿಡಿಸಿ ನೋಡಿದೆ. ಇದರ ಹತ್ತಿರದ ಜಾತಿಗಳಲ್ಲಿ ಕೇಸರದ ಒಂದು ತುದಿಗಷ್ಟೇ ಪರಾಗ. ಇದರಲ್ಲಿ ಎರಡು ತುದಿಗೂ ಇತ್ತು. ಹೊಸದೇ, ಅನುಮಾನವೇ ಇಲ್ಲ. ಯಾರಿಗಾದರೂ ಹೇಳೋಣವೆಂದು ಫೋನ್ ತೆಗೆದು, ಹೆಸರುಗಳ ಪಟ್ಟಿಯನ್ನು ಕೊನೆಯವರೆಗೂ ಸರಿಸಿ, ಕೆಳಗಿಟ್ಟೆ.

ಈ ಗಿಡದ ಬಗ್ಗೆ ನಾನು ಬರೆದ ಪ್ರಬಂಧ ಪ್ರಕಟವಾದ ದಿನ ಪ್ರಿಂಟ್ ತೆಗೆಸಿ ಆಂಟಿಗೆ ಕೊಟ್ಟೆ. ಹೂವಿನ ಚಿತ್ರವನ್ನು ದೂರ ಹಿಡಿದು ನೋಡಿದರು. ಮೂಲೆಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟು, "ನಾಳೆ ಬೆಳಗ್ಗೆ ತಗೋ," ಎಂದರು.

ನಾನು ಹೋಗಲಿಲ್ಲ. ತಂದು ಇನ್ಯಾರಿಗೆ ತೋರಿಸಲಿ? ಅದು ಇನ್ನೂ ಅಲ್ಲೇ ಇದೆ.