ಅಜ್ಜಿಯ ಎಡಗೈ

ಫೈನಲ್‌ಗೆ ನಮ್ಮ ಮನೆಯಿಂದ ಹೊರಟವರು ಮೂವರು: ನಾನು, ಅಮ್ಮ, ಅಜ್ಜಿ. ರಾಜ್ಯದ ಮಹಿಳಾ ಕ್ಲಬ್‌ಗಳ ಫುಟ್‌ಬಾಲ್ ಫೈನಲ್ ಅದು. ವಿಜಯನಗರದ ನಮ್ಮ ಪುಟ್ಟ ಕ್ಲಬ್ ಅಲ್ಲಿಯವರೆಗೆ ಹೋಗುತ್ತದೆಂದು ಕೋಚ್ ಸಾರ್ ಕೂಡ ನಂಬಿರಲಿಲ್ಲ. ಈಗ ಕೇಳಿದರೆ ಮೊದಲೇ ಗೊತ್ತಿತ್ತು ಅನ್ನುತ್ತಾರೆ. ನಾನು ಡಿಫೆಂಡರ್. ಗೋಲು ಹೊಡೆಯುವವಳಲ್ಲ, ಹೊಡೆಯಲು ಬರುವವರಿಗೆ ಅಡ್ಡ ನಿಲ್ಲುವವಳು. ಮನೆಯಲ್ಲೂ ನಿನ್ನ ಕೆಲಸ ಅದೇ ಅಂತ ಅಮ್ಮ ರೇಗಿಸುತ್ತಾಳೆ.

ನಾನು ಚಡ್ಡಿ ಹಾಕಿಕೊಂಡು ಆಡುವುದಕ್ಕೆ ನೆಂಟರೆಲ್ಲ ಮೂಗು ಮುರಿದರೂ ಅಜ್ಜಿ ತಕರಾರು ಮಾಡಿದವಳಲ್ಲ. ದಾವಣಗೆರೆ ಕಡೆಯ ಗಟ್ಟಿ ಹೆಂಗಸು. ಅವಳದು ಒಂದೇ ಷರತ್ತು: ಇಷ್ಟಲಿಂಗ ಮೈಬಿಟ್ಟು ಹೋಗಬಾರದು. ದೀಕ್ಷೆಯಾದಾಗಿನಿಂದ ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ ಅದು ನನ್ನ ಕೊರಳಲ್ಲೇ ಇದೆ, ಸ್ನಾನಕ್ಕೂ ತೆಗೆದಿಟ್ಟವಳಲ್ಲ. ಆಡುವಾಗ ಮಾತ್ರ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದೆ. ಸಣ್ಣಪುಟ್ಟ ಟೂರ್ನಿಗಳ ರೆಫರಿಗಳು ಬೂಟು ನೋಡಿ ಬಿಟ್ಟುಬಿಡುತ್ತಿದ್ದರು. ಫೈನಲ್‌ಗೂ ಹಾಗೇ ಹೋದೆ.

ಆದರೆ ಆ ರೆಫರಿ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿ ಓಲೆ, ಬಳೆ, ಕೈದಾರ ಎಲ್ಲವನ್ನೂ ನೋಡಿದರು. ನನ್ನ ಸೊಂಟದ ಉಬ್ಬೂ ಅವರ ಕಣ್ಣಿಗೆ ಬಿತ್ತು.

"ಏನಮ್ಮಾ ಅದು? ತೆಗಿ."

"ಲಿಂಗ ಮೇಡಂ. ತೆಗೆಯೋ ಹಾಗಿಲ್ಲ."

"ದೇವರದ್ದಾದ್ರೂ ಅಷ್ಟೇ ಕಣಮ್ಮ. ಬಾಲ್ ಬಂದು ಹೊಡೆದ್ರೆ ನಿಂಗೇ ಏಟಾಗುತ್ತೆ. ತೆಗೆದ್ರೆ ಆಡು, ಇಲ್ಲಾಂದ್ರೆ ಹೊರಗೆ ಕೂತ್ಕೋ."

ಮಾತು ನ್ಯಾಯವಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. "ಬ್ಯಾಗಲ್ಲಿಡು, ಬೇಗ" ಅಂದರು ಕೋಚ್ ಸಾರ್. ಬೆವರಿನ ಸಾಕ್ಸು, ಹಳೇ ಚಪ್ಪಲಿ ತುರುಕಿದ ಬ್ಯಾಗು ಅದು. ಕೈ ಬರಲಿಲ್ಲ. ತೆಗೆಯದಿದ್ದರೆ ಫೈನಲ್ ಇಲ್ಲ, ತೆಗೆದರೆ ಅಜ್ಜಿಗೆ ಕೊಟ್ಟ ಮಾತು ಉಳಿಯುವುದಿಲ್ಲ. ಗ್ಯಾಲರಿಯ ಕಂಬಿಯತ್ತ ಓಡಿದೆ. ಮುಂದಿನ ಸಾಲಿನಲ್ಲೇ ಕೂತಿದ್ದ ಅಜ್ಜಿಗೆ ಏದುಸಿರು ಬಿಡುತ್ತಾ ಎಲ್ಲ ಹೇಳಿದೆ.

ಅಜ್ಜಿ ನನ್ನ ಸೊಂಟದ ಗಂಟನ್ನೇ ನೋಡಿದಳು. ಮನೆಗೆ ನಡಿ ಅನ್ನುತ್ತಾಳೆ ಅಂದುಕೊಂಡೆ.

"ಚಪ್ಪಲಿ ಜೊತಿಗೆ ಇದನ್ನ ಚೀಲದಾಗ ಇಡ್ತೀಯೇನು? ಕೊಡು ಇಲ್ಲಿ" ಅಂದು ಎಡಗೈ ಚಾಚಿದಳು. ನಮ್ಮಲ್ಲಿ ಪೂಜೆಯ ಹೊತ್ತಿಗೆ ಲಿಂಗ ಕೂರುವುದು ಎಡ ಅಂಗೈಯಲ್ಲೇ. "ನಾನು ಎತ್ತಿ ಆಡಿಸಿದ ಮೈ ನಿಂದು. ಈ ಕೈಯೂ ನಿನ್ನ ಮೈಯೇ ಅಂದ್ಕೋ. ಹೋಗು, ಆಡು."

ಕರಡಿಗೆ ಅವಳ ಮುಷ್ಟಿಯೊಳಗೆ ಹೋಯಿತು. ನಾನು ಅಂಗಳಕ್ಕೆ ಹೋದೆ.

ಎದುರಾಳಿಗಳು ನಮ್ಮ ಬೆವರು ಚೆನ್ನಾಗಿಯೇ ಇಳಿಸಿದರು. ಎರಡನೆಯ ಅರ್ಧದಲ್ಲಿ ನಮ್ಮ ಟೀಮಿನ ಕಾಮಾಕ್ಷಿಪಾಳ್ಯದ ಹುಡುಗಿ ಹೇಗೋ ನುಗ್ಗಿ ಗೋಲು ಹೊಡೆದಳು. ಎಲ್ಲರೂ ಅವಳ ಮೇಲೆ ಬಿದ್ದರೆ ನಾನು ತಿರುಗಿ ಗ್ಯಾಲರಿ ನೋಡಿದೆ. ಜನವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿತ್ತು. ಅಜ್ಜಿಯ ಎಡಗೈ ಎದೆಗೆ ಒತ್ತಿಕೊಂಡೇ ಇತ್ತು. ಬಲಗೈಯಿಂದ ಅವಳು ಅಮ್ಮನ ಅಂಗೈಗೆ ಪಟಪಟ ಬಾರಿಸುತ್ತಿದ್ದಳು! ಅಮ್ಮ ಪಾಪ, ಕೈ ಒಡ್ಡಿಕೊಂಡು ನಿಂತಿದ್ದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಕೊನೆಯ ನಿಮಿಷಗಳಲ್ಲಿ ನಮ್ಮ ಗೋಲ್‌ಕೀಪರ್ ಜಾರಿ ಬಿದ್ದಳು. ಖಾಲಿ ಗೋಲಿನತ್ತ ಬಂದ ಚೆಂಡಿಗೆ ನಾನು ಅಡ್ಡ ನಿಂತೆ. ಅದು ನೇರ ಸೊಂಟಕ್ಕೆ, ಆಡುವಾಗ ಕರಡಿಗೆ ಕಟ್ಟಿಕೊಳ್ಳುತ್ತಿದ್ದ ಜಾಗಕ್ಕೇ ಬಡಿದು ಹೊರಗೆ ಹೋಯಿತು. ರೆಫರಿ ಮೇಡಂ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ.

ಗೆದ್ದೆವು. ಪದಕಕ್ಕೆ ಸಾಲು ನಿಲ್ಲಿ ಅಂತ ಕರೆಯುತ್ತಿದ್ದರೂ ನಾನು ಮೊದಲು ಓಡಿದ್ದು ಕಂಬಿಯ ಹತ್ತಿರ. ಅಜ್ಜಿಯ ಬೆರಳು ಬಿಚ್ಚುತ್ತಲೇ ಇರಲಿಲ್ಲ, ಮರಗಟ್ಟಿ ಹೋಗಿದ್ದವು. ಅಷ್ಟು ಹೊತ್ತೂ ಮುಷ್ಟಿ ಸಡಿಲಿಸಿಲ್ಲ, ನೀರು ಕುಡಿಯಲೂ ಎದ್ದಿಲ್ಲ ಅಂದಳು ಅಮ್ಮ. ಒಂದೊಂದೇ ಬೆರಳು ನೀವಿ ಬಿಡಿಸಿದಳು. ಅಂಗೈಯಲ್ಲಿ ಕರಡಿಗೆಯ ಅಚ್ಚು ಕೆಂಪಗೆ ಮೂಡಿತ್ತು. ಅಜ್ಜಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ನನ್ನ ಕೊರಳಿಗೆ ಹಾಕಿದಳು.

"ಮೊದಲು ಇದು. ಈಗ ಹೋಗಿ ಅವರದ್ದು ಹಾಕಿಸ್ಕೋ."

ಹಿಂತಿರುಗುವಾಗ ಮೆಟ್ರೋದಲ್ಲಿ ಪಕ್ಕದ ಸೀಟಿನ ಆಂಟಿ ನನ್ನ ಕೊರಳು ನೋಡಿ, "ಏನ್ ಮೆಡಲ್ಲಮ್ಮಾ ಇದು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರು ಮಾಡಿದಳು. ನಾವು ಇಳಿಯುವ ಹೊಸಹಳ್ಳಿ ಸ್ಟೇಷನ್ ಬರುವವರೆಗೂ ಇಡೀ ಪಂದ್ಯವನ್ನು ತಾನೇ ಆಡಿದ ಹಾಗೆ ವರ್ಣಿಸಿದಳು. ಇಳಿಯುವ ಮುಂಚೆ ಆಂಟಿಯ ಮೂಗಿನ ಮುಂದೆ ಎಡಗೈ ಬಿಚ್ಚಿ ಹಿಡಿದಳು. ಕೆಂಪು ಅಚ್ಚು ಇನ್ನೂ ಇತ್ತು.

"ಅಕಿದು ಅದು" ಅಂದಳು, ನನ್ನ ಪದಕ ತೋರಿಸಿ. "ನಂದು ಇದು."