ಹಾಲ್‌ಗೊಂದು, ಅಡುಗೆಮನೆಗೊಂದು

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿಕೊಂಡು ಮೂಡಲಪಾಳ್ಯದ ಮನೆಗೆ ಬಂದಾಗ, ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯಿಂದ ಪಿಟೀಲು ಕೇಳಿಸಿತು. ನನ್ನ ಸ್ಪೀಕರುಗಳು ಬಂದಿವೆ ಎಂದು ಖುಷಿಯಾಯಿತು. ಅಡುಗೆಮನೆಯಿಂದ ಯಾಕೆ ಎನ್ನುವುದು ಮಾತ್ರ ಅರ್ಥವಾಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಿಚಾರಿಸದೆ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಕೊಂಡವಳಲ್ಲ. ಈ ಸ್ಪೀಕರುಗಳನ್ನಂತೂ ಅಂಗಡಿಯವರಿಗೆ ನನ್ನ ಮುಖ ಕಂಡರೇ ಸುಸ್ತಾಗುವಷ್ಟು ಸಲ ಹೋಗಿ, ಕೇಳಿ, ಆರಿಸಿದ್ದೆ. ಮದುವೆಗೆ ಮುಂಚೆ ಅಪ್ಪನ ಜೊತೆ ರಾಮನವಮಿ ಪೆಂಡಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕಚೇರಿ ಕೇಳಿದ್ದೇ ಕೊನೆ. ಆಮೇಲಿನ ಸಂಗೀತವೆಲ್ಲ ಮೊಬೈಲಿನದು, ಅದೂ ಒಗ್ಗರಣೆಯ ಸದ್ದಿನ ನಡುವೆ. ಒಂದೇ ಒಂದು ಕಚೇರಿಯನ್ನಾದರೂ ಕೂತು, ಮೊದಲಿಂದ ಕೊನೆಯವರೆಗೆ, ಮಧ್ಯೆ ಏಳದೆ ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು.

ಎರಡನೇ ಶನಿವಾರವಾದ್ದರಿಂದ ನಮ್ಮ ಯಜಮಾನರಿಗೆ ಆಫೀಸು ರಜೆ. ನಾನು ಬರುವಷ್ಟರಲ್ಲಿ ಎಲ್ಲ ಮುಗಿಸಿಬಿಡಬೇಕೆಂಬ ಹುರುಪಿನಲ್ಲಿ ಸುತ್ತಿಗೆ ಹಿಡಿದು ನಿಂತಿದ್ದರು. ಒಂದು ಸ್ಪೀಕರು ಹಾಲಿನಲ್ಲಿ ಟಿವಿಯ ಪಕ್ಕ. ಇನ್ನೊಂದು ಅಡುಗೆಮನೆಯ ಶೆಲ್ಫಿನಲ್ಲಿ, ಉಪ್ಪಿನಕಾಯಿ ಭರಣಿಗಳನ್ನು ಪಕ್ಕಕ್ಕೆ ಸರಿಸಿ ಮಾಡಿದ ಜಾಗದಲ್ಲಿ. ವೈರನ್ನು ಬಾಗಿಲ ಚೌಕಟ್ಟಿನ ಉದ್ದಕ್ಕೂ ನೀಟಾಗಿ ಮೊಳೆ ಹೊಡೆದು ಎಳೆದಿದ್ದರು.

"ನೋಡು, ನಿನಗೋಸ್ಕರಾನೇ ಕಣೇ. ಅಡುಗೆ ಮಾಡ್ತಾ ಮಾಡ್ತಾನೇ ಕೇಳ್ಬೋದು" ಎಂದರು.

ಐಡಿಯಾ ಅತ್ತೆಯದು. ಅವರದು ಇಲ್ಲಿಯದೇ ಹಳೆಯ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಬಡಾವಣೆಯಾದಾಗ ಅಣ್ಣತಮ್ಮಂದಿರು ಸೈಟು ಸೈಟಾಗಿ ಪಾಲು ಮಾಡಿಕೊಂಡರು; ನಮ್ಮ ಮನೆ ನಿಂತಿರುವುದೂ ಅಂಥ ಒಂದು ಪಾಲಿನ ಮೇಲೆಯೇ. ಹೋಳಿಗೆಯಿಂದ ಹಿಡಿದು ಟೆರೇಸಿನ ಬಟ್ಟೆ ತಂತಿಯವರೆಗೆ, ಯಾರಿಗೂ ಅನ್ಯಾಯವಾಗದ ಹಾಗೆ ಪಾಲು ಹಾಕುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಡಬ್ಬದಿಂದ ಒಂದೇ ಥರದ ಎರಡು ಸ್ಪೀಕರು ಹೊರಬಂದಾಗ ಅವರಿಗೆ ಬೇರೇನು ತೋಚೀತು? "ಎರಡಿದಾವಲ್ಲ, ಹಾಲ್‌ಗೊಂದು, ಅಡುಗೆಮನೆಗೊಂದು" ಎಂದು ತೀರ್ಪು ಕೊಟ್ಟಿದ್ದರಂತೆ.

ಕುಕ್ಕರಿಗೆ ಅಕ್ಕಿ ಹಾಕುತ್ತಾ ಕೇಳಿದೆ. ಒಂದೊಂದು ಸ್ಪೀಕರಿನಿಂದ ವೇದಿಕೆಯ ಒಂದೊಂದು ಬದಿ ಕೇಳಿಸುವಂಥ ರೆಕಾರ್ಡಿಂಗು; ನನ್ನ ಪಾಲಿಗೆ ಬಂದದ್ದು ಪಿಟೀಲು. ಹಾಡುವವರ ದನಿ ಸ್ವಲ್ಪ ಸ್ವಲ್ಪ. ಮೃದಂಗ ಪೂರ್ತಿ ಹಾಲಿನಲ್ಲಿದ್ದವರ ಪಾಲಾಗಿತ್ತು. ಗಾಯಕಿ ಒಂದು ಸಾಲು ಹಾಡಿ ನಿಲ್ಲಿಸಿದರೆ ಪಿಟೀಲು ಅದಕ್ಕೆ ಜವಾಬು ಕೊಡಬೇಕಲ್ಲ, ಆ ಜವಾಬು ನನ್ನ ಉಪ್ಪಿನಕಾಯಿ ಭರಣಿಗಳ ನಡುವಿನಿಂದ ಬರುತ್ತಿತ್ತು. ಹಾಲಿನಲ್ಲಿ ಕೂತವರಿಗೆ ಆ ಹೊತ್ತಿನಲ್ಲಿ ಬರೀ ತಾಳ. ನಗು ಬರಬೇಕಿತ್ತು, ಬರಲಿಲ್ಲ.

"ರೀ, ಇವೆರಡೂ ಒಟ್ಟಿಗೆ ಹಾಲಲ್ಲಿರ್ಬೇಕು. ಎದುರಿಗೆ ಕೂತು ಕೇಳೋದು ಇದು" ಎಂದೆ.

"ಕೂತ್ಕೊಂಡು ಕೇಳೋಕೆ ನಿಂಗೆ ಟೈಮೆಲ್ಲಿದೆ?" ಎಂದರು.

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ನನ್ನ ಅನುಕೂಲವನ್ನೇ ಯೋಚಿಸಿದ್ದರು. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಆ ಹಾಲಿನಲ್ಲಿ ನಾನು ಕೂರುವುದೇ ಅಪರೂಪ, ಕೂತರೂ ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ. ಫ್ಯಾನಿನ ಕೆಳಗಿನ ಸೋಫಾ ಅತ್ತೆಯದು, ಕಿಟಕಿ ಪಕ್ಕದ ಕುರ್ಚಿ ಇವರದು. ನನಗೆ ಜಾಗ ಕೊಡುವುದಿಲ್ಲ ಎಂದು ಯಾರೂ ಅಂದಿರಲಿಲ್ಲ. ನಾನೂ ಕೇಳಿರಲಿಲ್ಲ.

ಅತ್ತೆ ಸೋಫಾದಿಂದಲೇ ರಾಜಿ ಮಾಡಿಸಲು ನೋಡಿದರು. "ಸಮಸಮ ಆಗಿದೆಯಲ್ಲಮ್ಮ, ಇನ್ನೇನು ಜಗಳ?"

"ಇದು ಪಾಲು ಮಾಡೋ ವಸ್ತು ಅಲ್ಲ ಅತ್ತೆ. ನಂಗೆ ಪೂರ್ತಿ ಬೇಕು" ಎಂದೆ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ದನಿಯಲ್ಲೇ ಅಂದೆ. 

ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಸೆರಗು ಸಿಕ್ಕಿಸಿಕೊಂಡು ನಾನೇ ಕೆಲಸಕ್ಕಿಳಿದೆ. ಮೊಳೆ ಕಿತ್ತೆ, ವೈರು ಸುತ್ತಿದೆ, ಸ್ಪೀಕರನ್ನು ಶೆಲ್ಫಿನಿಂದ ಇಳಿಸಿದೆ. ಟಿವಿಯ ಆ ಕಡೆ ಒಂದು, ಈ ಕಡೆ ಒಂದು. ಗೋಡೆಗೆ ಒತ್ತಿಟ್ಟರೆ ಮೃದಂಗದ ಸದ್ದು ಡಬ್ಬ ಬಡಿದ ಹಾಗೆ ಗುಂಯ್‌ಗುಡುತ್ತದೆ, ಅದಕ್ಕೆ ಮುಂದಕ್ಕೆಳೆದೆ. ಎರಡರ ಮುಖವನ್ನೂ ಕೊಂಚ ಒಳಕ್ಕೆ ತಿರುಗಿಸಿದೆ. ಚಾಕ್‌ಪೀಸಿಗೆ ನಮ್ಮ ಮನೆಯಲ್ಲಿ ಬರವಿಲ್ಲ. ನೆಲದ ಮೇಲೆ ಸಮಬಾಹು ತ್ರಿಭುಜ ಎಳೆದೆ. ಎರಡು ಮೂಲೆಯಲ್ಲಿ ಎರಡು ಸ್ಪೀಕರು, ಮೂರನೇ ಮೂಲೆಯಲ್ಲಿ ಕೇಳುವವರು. ಆ ಮೂರನೇ ಮೂಲೆ ಸೀದಾ ಹೋಗಿ ಅತ್ತೆಯ ಸೋಫಾದ ನಡುಮಧ್ಯಕ್ಕೆ ಬಿತ್ತು.

ನಾನು ಬೇಕೆಂದೇ ಹಾಗೆ ಎಳೆದೆ ಎಂದು ಇವರಿಗೆ ಅನುಮಾನ. ಟೇಪು ತಂದು ತಾವೇ ಅಳೆದರು, ಲೆಕ್ಕ ಸರಿಯಿದೆ ಎಂದು ಟೇಪು ಸುತ್ತಿಟ್ಟರು.

ಅತ್ತೆ ಕದಲಲಿಲ್ಲ. ಏಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಹಿಂದಿನ ದಿನದ ಕೋಪವೆಲ್ಲ ಅಷ್ಟರಲ್ಲಿ ಇಳಿದುಹೋಗಿತ್ತು. ಅವರು ಅಲ್ಲೇ ಕೂತಿರುವಾಗಲೇ ಕಚೇರಿ ಹಚ್ಚಿದೆ. ಮೃದಂಗ ಎಡಕ್ಕೆ, ಪಿಟೀಲು ಬಲಕ್ಕೆ. ಗಾಯಕಿ ಬಾಯಿ ತೆರೆದಾಗ ಅತ್ತೆ ಬೆಚ್ಚಿ ಟಿವಿಯತ್ತ ನೋಡಿದರು. ಎದ್ದು ಹೋಗಿ ಅದನ್ನು ಮುಟ್ಟಿಯೂ ನೋಡಿದರು.

"ಇದು ಆಫ್ ಆಗಿದೆ ಕಣಮ್ಮ. ಮತ್ತೆ ಇವಳು ಎಲ್ಲಿಂದ ಹಾಡ್ತಾ ಅವಳೆ?"

"ಎರಡೂ ಸೇರಿದ್ರೆ ಮಧ್ಯ ನಿಂತು ಹಾಡಿದಂಗೆ ಕೇಳ್ಸತ್ತೆ ಅತ್ತೆ. ನೀವು ಕೂತಿದ್ದ ಜಾಗಕ್ಕೆ ಮಾತ್ರ."

ವಾಪಸು ಬಂದು ಕೂತರು. ಕೈ ಹಿಡಿದೆಳೆದು ನನ್ನನ್ನೂ ಪಕ್ಕಕ್ಕೆ ಕೂರಿಸಿಕೊಂಡರು. ಅವರು ಎಡಕ್ಕೆ ಒತ್ತರಿಸಿಕೊಂಡ ಮೇಲೆ ಅವರಿಗೆ ಮೃದಂಗವೇ ಜಾಸ್ತಿ, ನನಗೆ ಪಿಟೀಲೇ ಜಾಸ್ತಿ. ಗಾಯಕಿ ಇಬ್ಬರಿಗೂ ನೆಟ್ಟಗೆ ಸಿಗಲಿಲ್ಲ. ಅತ್ತೆ ಒಂದೆರಡು ಸಲ ಆಚೀಚೆ ಸರಿದು ಪರೀಕ್ಷೆ ಮಾಡಿದರು. ಸೈಟಿನ ಗಡಿಕಲ್ಲು ನೋಡುವಷ್ಟೇ ಗಂಭೀರವಾಗಿತ್ತು ಮುಖ.

"ಇದು ಪಾಲಾಗಲ್ಲ ಬಿಡು" ಎಂದು ಎದ್ದರು. "ನೀನೇ ಕೂತ್ಕೋ ಮಧ್ಯಕ್ಕೆ. ಈ ಮನೆಗೆ ಬಂದಾಗಿಂದ ನೀನು ನೆಟ್ಟಗೆ ಕೂತಿದ್ದು ನಾನಂತೂ ಕಂಡಿಲ್ಲ."

ಕಚೇರಿಯನ್ನು ಮತ್ತೆ ಮೊದಲಿಂದ ಹಚ್ಚಿದ್ದು ಅವರೇ. ಯಾವ ಬಟನ್ ಎಂದು ಕೇಳಿಕೊಂಡು ಒತ್ತಿದರು. ನಾನು ಬೆನ್ನು ಆನಿಸಿ ಕೂತೆ. ಪಲ್ಲವಿ ಶುರುವಾಗುವ ಮೊದಲೇ ಅಳು ಬಂತು. ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಲೋ, ಏನ್ ನೋಡ್ತಾ ನಿಂತಿದೀಯ, ಕಾಫಿ ಇಡು ಹೋಗೋ" ಎಂದು ಅತ್ತೆ ಮಗನಿಗೆ ಹೇಳಿದ್ದು ಕೇಳಿಸಿತು. ಇವರು ಒಳಗೆ ಹೋದರು. ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಮುಚ್ಚುವ ಸದ್ದು. ಆಮೇಲೆ ಕೂಗು: "ಲೇ, ಕಾಫಿಪುಡಿ ಎಲ್ಲಿಟ್ಟಿದೀಯೇ?"

ಯಾವ ಡಬ್ಬಿ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಪಿಟೀಲಿನವರು ಆಗಷ್ಟೇ ಜವಾಬು ಕೊಡಲು ಶುರು ಮಾಡಿದ್ದರು.